ಸುಲಭವೋ, ಸರಿಯೋ? ಬಳಕೆದಾರರ ಕೈಗೆ ಸ್ಕ್ರಿಪ್ಟಿಂಗ್ ಕೊಡುವ ಮೊದಲು

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಒಂದು ಡ್ರಾಯಿಂಗ್ ಸಾಫ್ಟ್‌ವೇರ್‌ಗೆ ಸ್ಕ್ರಿಪ್ಟಿಂಗ್ ಸೇರಿಸಿತು. ಬಳಕೆದಾರರು ತಾವೇ ನಾಲ್ಕು ಸಾಲು ಬರೆದು ಬೇಸರದ ಕೆಲಸಗಳನ್ನು ಮುಗಿಸಿಕೊಳ್ಳಲಿ ಎಂಬುದು ನಮ್ಮ ಆಸೆ. ಚಿತ್ರವನ್ನು ಬೇರೆ ಫಾರ್ಮ್ಯಾಟ್‌ನಲ್ಲಿ ಉಳಿಸುವ ಒಂದು ಫಂಕ್ಷನ್ (ಸ್ಕ್ರಿಪ್ಟ್ ಹೆಸರು ಹೇಳಿ ಮಾಡಿಸಬಹುದಾದ ಸಿದ್ಧ ಕೆಲಸ) ಇತ್ತು. ಕೆಲಸ ಆದರೆ 'ಹೌದು' ಅನ್ನುತ್ತಿತ್ತು, ಆಗದಿದ್ದರೆ 'ಇಲ್ಲ' ಅನ್ನುತ್ತಿತ್ತು. ಎರರ್ ಎಸೆದರೆ ಜನ ಹೆದರುತ್ತಾರೆ, ಸುಮ್ನೆ ಯಾಕೆ ಅಂತ ನಾವೇ ಹಾಗೆ ಮಾಡಿದ್ದೆವು.

ಒಬ್ಬರು 400 ಚಿತ್ರಗಳ ಫೋಲ್ಡರ್ ಮೇಲೆ ಸ್ಕ್ರಿಪ್ಟ್ ಓಡಿಸಿದರು. ಪ್ರತಿ ಚಿತ್ರವನ್ನೂ ಹೊಸ ಫಾರ್ಮ್ಯಾಟ್‌ನಲ್ಲಿ ಉಳಿಸು, ಹಳೆಯದನ್ನು ಅಳಿಸು. ಎರಡೇ ಸಾಲು. ಮಧ್ಯದಲ್ಲಿ ಡಿಸ್ಕ್ ತುಂಬಿತು. ಅಲ್ಲಿಂದ ಮುಂದೆ ನಮ್ಮ ಫಂಕ್ಷನ್ ಪ್ರತಿ ಸಲವೂ 'ಇಲ್ಲ' ಅಂದಿತು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಅಳಿಸುವ ಸಾಲು ಮಾತ್ರ ನಿಷ್ಠೆಯಿಂದ ಕೊನೆಯವರೆಗೂ ಓಡಿತು.

"ಉತ್ತರವನ್ನು ಪರೀಕ್ಷಿಸಿ" ಎಂದು ನಮ್ಮ ಕೈಪಿಡಿಯಲ್ಲಿ ಬರೆದಿತ್ತು. ಹಾಗಾಗಿ ತಪ್ಪು ಅವರದೇ ಎಂದು ತಂಡದಲ್ಲಿ ಒಬ್ಬರು ವಾದಿಸಿದರು. ನಾನೂ ಅರ್ಧ ದಿನ ಹಾಗೇ ಅಂದುಕೊಂಡಿದ್ದೆ. ಆಮೇಲೆ ಆ ಎರಡು ಸಾಲನ್ನು ಮತ್ತೆ ಓದಿದೆ. ನಾನು ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ.

ಸ್ಕ್ರಿಪ್ಟಿಂಗ್ ಇಂಟರ್‌ಫೇಸ್, ಅಂದರೆ ಬಳಕೆದಾರರ ಸ್ಕ್ರಿಪ್ಟ್ ಸಾಫ್ಟ್‌ವೇರ್ ಜೊತೆ ಮಾತಾಡುವ ದಾರಿ, ರೂಪಿಸುವಾಗ ಎದುರಾಗುವ ಆಯ್ಕೆಗಳನ್ನು ಇಲ್ಲಿ ಒಂದೊಂದಾಗಿ ಹೋಲಿಸಿದ್ದೇನೆ. ಪ್ರತಿ ಕಡೆಯೂ ಒಂದು ದಾರಿ ಸುಲಭದ್ದಾಗಿ ಕಾಣುತ್ತದೆ, ಇನ್ನೊಂದು ಸರಿಯಾದದ್ದಾಗಿ ಕಾಣುತ್ತದೆ. ಅಲ್ಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸ್ಕ್ರಿಪ್ಟ್ ತಪ್ಪಿದಾಗ ಸದ್ದು ಮಾಡುತ್ತದೆಯೋ, ಸದ್ದಿಲ್ಲದೆ ತಪ್ಪುತ್ತದೆಯೋ?

ಮೊದಲು, ಸುಲಭ ಯಾರಿಗೆ?

'ಸರಳವಾಗಿಡೋಣ' ಎಂದು ಮೀಟಿಂಗ್‌ನಲ್ಲಿ ಯಾರಾದರೂ ಅಂದರೆ ಯಾರಿಗೆ ಸರಳ ಅಂತ ಕೇಳಿ. ಇಲ್ಲಿ ಮೂರು ಜನ ಇದ್ದಾರೆ. ಇಂಟರ್‌ಫೇಸ್ ಕಟ್ಟುವ ನೀವು, ಸ್ಕ್ರಿಪ್ಟ್ ಬರೆಯುವವರು, ಆ ಸ್ಕ್ರಿಪ್ಟ್ ಕೊಟ್ಟ ಫಲಿತಾಂಶವನ್ನು ನಂಬಿ ಮುಂದಿನ ಕೆಲಸ ಮಾಡುವವರು. ಒಬ್ಬರ ಹೊರೆ ಇಳಿಸಿದರೆ ಅದು ಎಷ್ಟೋ ಸಲ ಇನ್ನೊಬ್ಬರ ತಲೆ ಮೇಲೆ ಹೋಗಿ ಕೂರುತ್ತದೆ.

ಇದಕ್ಕೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹೆಸರಾದ ಉದಾಹರಣೆ ಇದೆ. ಒಂದು ಪ್ರೋಗ್ರಾಂ ಏನನ್ನೋ ಓದುತ್ತಾ ಕಾಯುತ್ತಿರುವಾಗ ಸಿಗ್ನಲ್ (ಹೊರಗಿನಿಂದ ಬರುವ ಸೂಚನೆ) ಬಂದರೆ, ಸಿಸ್ಟಮ್ ಆ ಓದನ್ನು ಅಲ್ಲಿಗೇ ನಿಲ್ಲಿಸಿ "ಅಡ್ಡಿಯಾಯಿತು" ಎಂಬ ಎರರ್ ಕೋಡ್ ಕೊಡಬಹುದು. ಮತ್ತೆ ಕೇಳುವ ಕೆಲಸ ಪ್ರೋಗ್ರಾಂ ಬರೆದವರದು. ಇದರಿಂದ ಸಿಸ್ಟಮ್‌ನ ಒಳಗು ಸರಳವಾಯಿತು. ಆದರೆ ಹೊರಗಿರುವ ಪ್ರತಿಯೊಬ್ಬರೂ 'ಅಡ್ಡಿಯಾದರೆ ಮತ್ತೆ ಓದು' ಎಂಬ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಬರೆಯಬೇಕಾಯಿತು. ಬರೆಯಲು ಮರೆತವರ ಪ್ರೋಗ್ರಾಂ ಯಾವತ್ತೋ ಒಂದು ದಿನ ಕಾರಣವಿಲ್ಲದೆ ಬಿದ್ದಂತೆ ಕಂಡಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ 2015ರಲ್ಲಿ, 3.5ನೇ ಆವೃತ್ತಿಯಲ್ಲಿ, ಈ ಹೊರೆಯನ್ನು ತನ್ನ ಮೇಲೆ ಹಾಕಿಕೊಂಡಿತು. ಅಡ್ಡಿಯಾದರೆ ಭಾಷೆಯೇ ಮತ್ತೆ ಪ್ರಯತ್ನಿಸುತ್ತದೆ. ಬಳಕೆದಾರರ ಕೋಡ್ ಚಿಕ್ಕದಾಯಿತು, ಸರಿಯೂ ಆಯಿತು. ಕಷ್ಟಪಟ್ಟವರು ಪೈಥಾನ್ ಕಟ್ಟುವವರು ಮಾತ್ರ.

ಆದ್ದರಿಂದ ಸುಲಭ ಮತ್ತು ಸರಿ ಎರಡೂ ಒಟ್ಟಿಗೆ ಸಿಗುವುದೇ ಇಲ್ಲ ಅನ್ನುವವರನ್ನು ನಾನು ಅಷ್ಟು ಬೇಗ ನಂಬುವುದಿಲ್ಲ. ಅನೇಕ ಸಲ ಎರಡೂ ಸಿಗುತ್ತವೆ. ಅದಕ್ಕೆ ನೀವು ಜಾಸ್ತಿ ಕೆಲಸ ಮಾಡಬೇಕಾಗುತ್ತದೆ, ಅಷ್ಟೇ.

ಸ್ವಂತ ಭಾಷೆಯೋ, ಇರುವ ಭಾಷೆಯೋ?

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಸ್ವಂತ ಭಾಷೆ ಮಾಡಬೇಡಿ. ನಾಲ್ಕು ಕಮಾಂಡ್‌ಗಳ ಪುಟ್ಟ ಭಾಷೆ ಸಾಕು ಎಂದು ಶುರುವಾಗುತ್ತದೆ. ಆಮೇಲೆ ಯಾರೋ 'ಹೀಗಿದ್ದರೆ ಹಾಗೆ ಮಾಡು' ಎಂಬ ಷರತ್ತು ಕೇಳುತ್ತಾರೆ, ಇನ್ಯಾರೋ ಲೂಪ್ ಕೇಳುತ್ತಾರೆ. ಎರಡು ವರ್ಷಕ್ಕೆ ನಿಮ್ಮ ಹತ್ತಿರ ಡೀಬಗ್ಗರ್ (ತಪ್ಪು ಹುಡುಕುವ ಸಾಧನ) ಇಲ್ಲದ, ಪುಸ್ತಕ ಇಲ್ಲದ, ಬೇರೆಲ್ಲೂ ಕೆಲಸಕ್ಕೆ ಬಾರದ ಒಂದು ಭಾಷೆ ಇರುತ್ತದೆ.

ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಳ್ಳುವ ಭಾಷೆ ಮಾಡಿದರೆ ಎಲ್ಲರೂ ಬರೆಯುತ್ತಾರೆ ಎಂಬ ಆಸೆಯೂ ಹಳೆಯದೇ. 1993ರಲ್ಲಿ ಬಂದ ಆಪಲ್‌ಸ್ಕ್ರಿಪ್ಟ್ ಅದೇ ದಾರಿ ಹಿಡಿಯಿತು. ಬೇರೆಯವರು ಬರೆದದ್ದನ್ನು ಓದಿದರೆ ಸಲೀಸಾಗಿ ಅರ್ಥವಾಗುತ್ತದೆ. ನಾವೇ ಬರೆಯಲು ಕೂತರೆ, ಹೇಳಬಹುದಾದ ಹತ್ತು ರೀತಿಯಲ್ಲಿ ಯಾವುದನ್ನು ಅದು ಒಪ್ಪುತ್ತದೆ ಎಂದು ಹುಡುಕುವುದೇ ಕೆಲಸವಾಗುತ್ತದೆ. ಮಾತಿನಂತೆ ಕಾಣುವ ಭಾಷೆ ಮಾತಿನಷ್ಟು ಸಡಿಲವಾಗಿರುತ್ತದೆ ಎಂದು ಬಳಕೆದಾರರು ನಂಬುತ್ತಾರೆ. ಅದು ಸಡಿಲವಾಗಿರುವುದಿಲ್ಲ.

ಇರುವ ಭಾಷೆಗಳಲ್ಲಿ ಸಾಮಾನ್ಯವಾಗಿ ಮೂರರ ನಡುವೆ ಸ್ಪರ್ಧೆ: ಲುವಾ, ಪೈಥಾನ್, ಜಾವಾಸ್ಕ್ರಿಪ್ಟ್. ಲುವಾ ಚಿಕ್ಕದು, ಸಾಫ್ಟ್‌ವೇರ್‌ನೊಳಗೆ ಕೂರಿಸುವುದು ಸುಲಭ, ಏನನ್ನು ಒಳಗೆ ಬಿಡಬೇಕು ಎಂಬುದು ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ, ರೆಡಿಸ್ ಡೇಟಾಬೇಸ್, ನಿಯೋವಿಮ್ ಎಡಿಟರ್ ಎಲ್ಲ ಅದನ್ನೇ ಆರಿಸಿಕೊಂಡಿವೆ. ಅದರ ದೊಡ್ಡ ಬಲೆ ಎಂದರೆ ಸ್ಪೆಲಿಂಗ್ ತಪ್ಪು. ಹೊಸ ವೇರಿಯಬಲ್ (ಮೌಲ್ಯ ಇಟ್ಟುಕೊಳ್ಳುವ ಹೆಸರು) ಸುಮ್ನೆ ಬರೆದರೆ ಅದು ಗ್ಲೋಬಲ್, ಅಂದರೆ ಇಡೀ ಸ್ಕ್ರಿಪ್ಟ್‌ಗೆ ಸೇರಿದ್ದು, ಆಗುತ್ತದೆ. ಇಲ್ಲದ ಹೆಸರನ್ನು ಓದಿದರೆ ಎರರ್ ಬರುವುದಿಲ್ಲ, 'ನಿಲ್' (ಏನೂ ಇಲ್ಲ) ಬರುತ್ತದೆ. ಅದೃಷ್ಟಕ್ಕೆ ಇದನ್ನು ನೀವು ಹೊರಗಿನಿಂದ ಸರಿಪಡಿಸಬಹುದು. ಗ್ಲೋಬಲ್ ಹೆಸರುಗಳಿರುವ ಟೇಬಲ್‌ಗೆ ಒಂದು ಮೆಟಾಟೇಬಲ್ (ಅದರ ನಡತೆ ಬದಲಿಸುವ ನಿಯಮಗಳು) ಹಾಕಿ, ಘೋಷಿಸದ ಹೆಸರು ಕಂಡ ತಕ್ಷಣ ನಿಲ್ಲುವಂತೆ ಮಾಡಿ. ಹತ್ತಿಪ್ಪತ್ತು ಸಾಲಿನ ಕೆಲಸ. ಲುವಾ ಕೂರಿಸಿದ ಎಷ್ಟೋ ಸಾಫ್ಟ್‌ವೇರ್‌ಗಳು ಇಷ್ಟನ್ನೂ ಮಾಡಿರುವುದಿಲ್ಲ ಎಂಬುದು ನನಗೆ ಇವತ್ತಿಗೂ ಬೇಸರದ ವಿಷಯ.

ಪೈಥಾನ್‌ನ ಬಲ ಎಂದರೆ ಜನಕ್ಕೆ ಅದು ಮೊದಲೇ ಗೊತ್ತು. ಲೈಬ್ರರಿಗಳಿಗೆ ಲೆಕ್ಕವಿಲ್ಲ. ತೊಂದರೆ ಬೇರೆ ಕಡೆ ಇದೆ. ಯಾರೋ ಕಳಿಸಿದ ಸ್ಕ್ರಿಪ್ಟನ್ನು ಪೈಥಾನ್‌ನೊಳಗೇ ಕಟ್ಟಿಹಾಕಿ ಸುರಕ್ಷಿತವಾಗಿ ಓಡಿಸುವುದು ಆಗದ ಮಾತು. ಭಾಷೆಯಲ್ಲೇ ಅಂಥ ಒಂದು ಮಾಡ್ಯೂಲ್ ಇತ್ತು, ತೂತುಗಳು ಸಿಕ್ಕಿದ ಮೇಲೆ ಅದನ್ನು ತೆಗೆದುಹಾಕಿದರು. ನಿಮ್ಮ ಬಳಕೆದಾರರು ಅಪರಿಚಿತರ ಸ್ಕ್ರಿಪ್ಟ್‌ಗಳನ್ನು ಇಳಿಸಿಕೊಂಡು ಓಡಿಸುವವರಾದರೆ ಪೈಥಾನ್ ಬೇಡ. ಜಾವಾಸ್ಕ್ರಿಪ್ಟ್ ಎಂಜಿನ್‌ಗಳು ಈ ವಿಷಯದಲ್ಲಿ ವಾಸಿ, ಬ್ರೌಸರ್‌ನಲ್ಲಿ ದಿನವೂ ಅಪರಿಚಿತ ಕೋಡ್ ಓಡಿಸಿಯೇ ಪಳಗಿವೆ.

ಒಂದು ಸಣ್ಣ ಎಚ್ಚರಿಕೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆಯಲ್ಲಿ 9,007,199,254,740,992 ದಾಟಿದ ಮೇಲೆ ಪೂರ್ಣಾಂಕಗಳು ಒಂದೊಂದಾಗಿ ನಿಖರವಾಗಿ ಉಳಿಯುವುದಿಲ್ಲ. 2015ರ 5.3ನೇ ಆವೃತ್ತಿಗಿಂತ ಹಿಂದಿನ ಲುವಾದಲ್ಲೂ ಇದೇ ಕಥೆ. ನಿಮ್ಮ ವಸ್ತುಗಳ ಐಡಿ 64 ಬಿಟ್‌ನದ್ದಾದರೆ ಅದನ್ನು ಪಠ್ಯವಾಗಿ ಕೊಡಿ. ಇಲ್ಲವಾದರೆ ಒಂದು ವಸ್ತುವನ್ನು ಅಳಿಸಲು ಹೋಗಿ ಪಕ್ಕದ್ದು ಅಳಿದೀತು.

ಸೆಟ್ಟಿಂಗ್‌ಗಳನ್ನು ಬರೆಯಲು ಮಾತ್ರ ಭಾಷೆ ಬೇಕಿದ್ದರೆ ಸ್ಟಾರ್‌ಲಾರ್ಕ್ ನೋಡಿ. ಬೇಜಲ್ ಎಂಬ, ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಸಾಧನಕ್ಕಾಗಿ ಬೆಳೆದ, ಪೈಥಾನ್‌ನಂತೆ ಕಾಣುವ ಭಾಷೆ ಅದು. 'ವೈಲ್' ಲೂಪ್ (ಷರತ್ತು ನಿಜವಿರುವವರೆಗೆ ಸುತ್ತುವಂಥದ್ದು) ಇಲ್ಲ, ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಇಲ್ಲ. ಹಾಗಾಗಿ ಸ್ಕ್ರಿಪ್ಟ್ ಎಂದೂ ಕೊನೆಯಿಲ್ಲದೆ ಸುತ್ತುವುದಿಲ್ಲ. ಕಡಿಮೆ ಕೊಟ್ಟು ಜಾಸ್ತಿ ಕಾಪಾಡುವ ಜಾಣತನ.

ತೆರೆಯ ಮೇಲಿನದನ್ನು ಕೊಡುವುದೋ, ಫೈಲ್‌ನೊಳಗಿನದನ್ನೋ?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು. ಇದನ್ನು ಜನ ಆಯ್ಕೆ ಎಂದು ಗುರುತಿಸುವುದೇ ಕಡಿಮೆ.

ಮೊದಲ ದಾರಿಯಲ್ಲಿ ಮೆನುವಿನಲ್ಲಿ ಇರುವ ಕಮಾಂಡ್‌ಗಳನ್ನೇ ಸ್ಕ್ರಿಪ್ಟ್‌ಗೂ ಕೊಡುತ್ತೀರಿ. 'ಈಗ ಆಯ್ದಿರುವುದನ್ನು ತಿರುಗಿಸು', 'ಈಗ ತೆರೆದಿರುವ ಹಾಳೆಯಲ್ಲಿ ಸಾಲು ಸೇರಿಸು'. ಬಳಕೆದಾರರಿಗೆ ಕಮಾಂಡ್‌ಗಳ ಹೆಸರು ಮೊದಲೇ ಗೊತ್ತಿರುತ್ತದೆ. ನಿಮಗೂ ಹೊಸದಾಗಿ ಬರೆಯುವ ಕೆಲಸ ಅಷ್ಟಿಲ್ಲ. ಎರಡನೆಯ ದಾರಿಯಲ್ಲಿ ಫೈಲ್‌ನೊಳಗಿನ ವಸ್ತುಗಳನ್ನೇ ಹೆಸರಿಟ್ಟು ಕೊಡುತ್ತೀರಿ. ಹೀಗೆ:

ಆಯ್ಕೆಮಾಡು("ಬಾಗಿಲು")
ತಿರುಗಿಸು(90)

ಮತ್ತು

ಚಿತ್ರ.ವಸ್ತು("ಬಾಗಿಲು").ತಿರುಗಿಸು(90)

ಮೊದಲನೆಯದು ಮುದ್ದಾಗಿದೆ. ಆದರೆ ಎರಡು ಸಾಲಿನ ನಡುವೆ ಆಯ್ಕೆ ಬದಲಾದರೆ? "ಬಾಗಿಲು" ಸಿಗದೆ ಹಿಂದಿನ ಆಯ್ಕೆಯೇ ಉಳಿದುಕೊಂಡಿದ್ದರೆ? ಆಗ ಗೋಡೆ ತಿರುಗುತ್ತದೆ.

ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ 1986ರಿಂದ ಆಟೋಲಿಸ್ಪ್ ಎಂಬ ಸ್ಕ್ರಿಪ್ಟ್ ಭಾಷೆ ಇದೆ. ಅದರಲ್ಲಿ ಕಮಾಂಡ್ ಸಾಲಿಗೆ ಟೈಪ್ ಮಾಡಿದಂತೆಯೇ ಗೆರೆ ಎಳೆಯುವ ಒಂದು ಸುಲಭ ಫಂಕ್ಷನ್ ಉಂಟು. ಬಳಕೆದಾರರು 'ಆಬ್ಜೆಕ್ಟ್ ಸ್ನ್ಯಾಪ್' ಆನ್ ಮಾಡಿಟ್ಟಿದ್ದರೆ, ಸ್ಕ್ರಿಪ್ಟ್ ಲೆಕ್ಕ ಹಾಕಿ ಕೊಟ್ಟ ಬಿಂದು ಹತ್ತಿರದ ಬೇರೆ ಮೂಲೆಗೆ ಹೋಗಿ ಅಂಟಿಕೊಳ್ಳಬಹುದು. ಗೆರೆ ಬೀಳುತ್ತದೆ, ಆದರೆ ಹೇಳಿದ ಜಾಗದಲ್ಲಲ್ಲ. ಅದಕ್ಕೇ ಅನುಭವಿಗಳ ಆಟೋಲಿಸ್ಪ್ ಕೋಡ್ ನೋಡಿದರೆ, ಶುರುವಿನಲ್ಲಿ ಸ್ನ್ಯಾಪ್ ಸೆಟ್ಟಿಂಗ್ ಎತ್ತಿಟ್ಟುಕೊಂಡು ಸೊನ್ನೆ ಮಾಡುವ ಸಾಲು, ಕೊನೆಯಲ್ಲಿ ಅದನ್ನು ವಾಪಸ್ ಹಾಕುವ ಸಾಲು ಇದ್ದೇ ಇರುತ್ತವೆ. ಮಧ್ಯದಲ್ಲಿ ಸ್ಕ್ರಿಪ್ಟ್ ಬಿದ್ದರೆ ವಾಪಸ್ ಹಾಕುವ ಸಾಲು ಓಡುವುದಿಲ್ಲ, ಬಳಕೆದಾರರ ಸ್ನ್ಯಾಪ್ ಆಫ್ ಆಗಿಯೇ ಉಳಿಯುತ್ತದೆ. ಚಿತ್ರದ ಡೇಟಾಬೇಸ್‌ಗೆ ನೇರವಾಗಿ ವಸ್ತು ಸೇರಿಸುವ ಬೇರೆ ಫಂಕ್ಷನ್ ಇದೆ, ಅದಕ್ಕೆ ಈ ಕಾಟ ಇಲ್ಲ. ಬರೆಯಲು ಮಾತ್ರ ಅದು ಕಷ್ಟ.

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ಪೈಥಾನ್ ಇಂಟರ್‌ಫೇಸ್‌ನಲ್ಲೂ ಈ ಎರಡು ದಾರಿಗಳು ಅಕ್ಕಪಕ್ಕ ಇವೆ. ಬಟನ್ ಒತ್ತಿದಂತೆ ಕೆಲಸ ಮಾಡುವ 'ಆಪರೇಟರ್'ಗಳು ಒಂದು ಕಡೆ, ದೃಶ್ಯದ ಡೇಟಾವನ್ನು ನೇರವಾಗಿ ಮುಟ್ಟುವ ದಾರಿ ಇನ್ನೊಂದು ಕಡೆ. ಹೊಸಬರು ಮೊದಲನೆಯದರಲ್ಲೇ ಶುರು ಮಾಡುತ್ತಾರೆ, ಯಾಕೆಂದರೆ ಬಟನ್ ಮೇಲೆ ಮೌಸ್ ಇಟ್ಟರೆ ಅದರ ಹೆಸರು ಸಿಗುತ್ತದೆ. ಸ್ವಲ್ಪ ದಿನದಲ್ಲೇ 'ಕಾಂಟೆಕ್ಸ್ಟ್ (ಈಗಿನ ಸನ್ನಿವೇಶ) ಸರಿಯಿಲ್ಲ' ಎಂಬ ಎರರ್‌ಗೆ ಬಡಿಯುತ್ತಾರೆ. ಒಂದು ಮಾತು ಒಪ್ಪಬೇಕು. ಬ್ಲೆಂಡರ್ ಅಲ್ಲಿ ಕೂಗಿ ನಿಲ್ಲುತ್ತದೆ, ಕಾರಣ ಪೂರ್ತಿ ಹೇಳದಿದ್ದರೂ. ಸ್ನ್ಯಾಪ್‌ಗೆ ಅಂಟಿದ ಗೆರೆ ಕೂಗುವುದೂ ಇಲ್ಲ.

ಹಾಗಾದರೆ ಆಯ್ಕೆ? ವಸ್ತುಗಳನ್ನು ನೇರವಾಗಿ ಕೊಡುವ ದಾರಿಯೇ ಅಡಿಪಾಯವಾಗಲಿ. 'ಈಗ ಆಯ್ದಿರುವುದು' ಎಂಬುದನ್ನೂ ಕೊಡಿ, ಅದಿಲ್ಲದೆ ಜನಕ್ಕೆ ಕೈ ಓಡುವುದಿಲ್ಲ. ಆದರೆ ಅದು ಸ್ಕ್ರಿಪ್ಟ್ ಶುರುವಾದಾಗ ತೆಗೆದುಕೊಂಡ ಪಟ್ಟಿಯಾಗಿರಲಿ, ಕ್ಷಣಕ್ಷಣಕ್ಕೂ ಬದಲಾಗುವ ನೆರಳಾಗುವುದು ಬೇಡ. ಮ್ಯಾಕ್ರೋ ರೆಕಾರ್ಡರ್ (ಬಳಕೆದಾರರು ಮಾಡಿದ್ದನ್ನು ನೋಡಿ ಸ್ಕ್ರಿಪ್ಟ್ ಬರೆದುಕೊಡುವ ಸೌಲಭ್ಯ) ಕೊಡುವುದಾದರೆ ಅದು ಬರೆದುಕೊಡುವ ಕೋಡ್ ಕೂಡ ವಸ್ತುಗಳ ಹೆಸರಿನಲ್ಲೇ ಇರಲಿ. ಎಕ್ಸೆಲ್ ರೆಕಾರ್ಡರ್ 'ಇದನ್ನು ಆಯ್ಕೆಮಾಡು, ಆಯ್ದದ್ದಕ್ಕೆ ಹೀಗೆ ಮಾಡು' ಎಂಬ ಶೈಲಿಯಲ್ಲೇ ಬರೆಯುತ್ತದೆ. ಅದನ್ನು ನೋಡಿ ಎಕ್ಸೆಲ್‌ನ ಸ್ಕ್ರಿಪ್ಟ್ ಭಾಷೆ ವಿಬಿಎ ಕಲಿತವರು ವರ್ಷಗಟ್ಟಲೆ ಹಾಗೇ ಬರೆಯುತ್ತಾರೆ. ರೆಕಾರ್ಡರ್ ನಿಮ್ಮ ಮೊದಲ ಮೇಷ್ಟ್ರು, ಅದು ಕಲಿಸಿದ್ದೇ ಜನರ ಕೈಯಲ್ಲಿ ಉಳಿಯುವುದು.

ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ ಇದೆ. ಲೂಪ್ ಓಡುತ್ತಿರುವಾಗಲೇ ಪಟ್ಟಿಯಿಂದ ವಸ್ತು ಅಳಿಸಿದರೆ ಏನಾಗಬೇಕು? ಎಕ್ಸೆಲ್‌ನಲ್ಲಿ ಮೇಲಿನಿಂದ ಕೆಳಕ್ಕೆ ಸಾಲು ಅಳಿಸುತ್ತಾ ಬಂದರೆ, ಅಳಿಸಿದ ಸಾಲಿನ ಜಾಗಕ್ಕೆ ಕೆಳಗಿನದು ಏರುತ್ತದೆ, ಲೂಪ್ ಅದನ್ನು ನೋಡದೆ ಮುಂದೆ ಹೋಗುತ್ತದೆ. ಎರಡು ಖಾಲಿ ಸಾಲು ಒಟ್ಟಿಗಿದ್ದರೆ ಒಂದು ಉಳಿದೇ ಬಿಡುತ್ತದೆ. "ಕೆಳಗಿನಿಂದ ಮೇಲಕ್ಕೆ ಅಳಿಸಿ" ಎಂಬುದು ಕೈಯಿಂದ ಕೈಗೆ ದಾಟಿಬಂದ ಉಪಾಯ. ಬ್ರೌಸರ್‌ಗಳಲ್ಲಿ ಎರಡೂ ಬಗೆ ಇದೆ. ಹಳೆಯ ಹುಡುಕು ಫಂಕ್ಷನ್‌ಗಳು ಪುಟ ಬದಲಾದಂತೆ ತಾವೂ ಬದಲಾಗುವ ಜೀವಂತ ಪಟ್ಟಿ ಕೊಡುತ್ತವೆ, ಹೊಸ 'ಕ್ವೆರಿಸೆಲೆಕ್ಟರ್‌ಆಲ್' ಆ ಗಳಿಗೆಯ ಪಟ್ಟಿಯನ್ನು ಹಿಡಿದು ಕೊಡುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ಎರಡನೆಯದೇ ಸರಿ. ಮೆಮೊರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ, ತಿನ್ನಲಿ.

ಊಹಿಸುವುದೋ, ನಿಲ್ಲಿಸಿ ಕೇಳುವುದೋ?

ಬಳಕೆದಾರರು ಏನು ಕೊಟ್ಟರೂ ಹೇಗಾದರೂ ಮಾಡಿ ಅರ್ಥ ಮಾಡಿಕೊಳ್ಳುವ ಇಂಟರ್‌ಫೇಸ್ ಸ್ನೇಹಪರವಾಗಿ ಕಾಣುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಪಿಎಚ್‌ಪಿ ಎಂಬ ವೆಬ್ ಭಾಷೆಯಲ್ಲಿ 8ನೇ ಆವೃತ್ತಿಗೆ ಮೊದಲು ಸೊನ್ನೆಯನ್ನು ಯಾವುದೇ ಮಾಮೂಲಿ ಪದದ ಜೊತೆ ಹೋಲಿಸಿದರೆ 'ಸಮ' ಎಂಬ ಉತ್ತರ ಬರುತ್ತಿತ್ತು. 2020ರಲ್ಲಿ ಅದನ್ನು ತಿದ್ದಿದರು. ವಿಮ್ ಎಡಿಟರ್‌ನ ಹಳೆಯ ಸ್ಕ್ರಿಪ್ಟ್ ಭಾಷೆಯಲ್ಲಿ ಎರಡು ಪದಗಳು ಸಮವೇ ಎಂಬ ಪ್ರಶ್ನೆಗೆ ಉತ್ತರ, ಆ ಬಳಕೆದಾರರು ಹುಡುಕಾಟದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಭೇದ ಬೇಡ ಎಂದು ಸೆಟ್ಟಿಂಗ್ ಹಾಕಿದ್ದಾರೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡುವ ಸ್ಕ್ರಿಪ್ಟ್ ನಿಮ್ಮದರಲ್ಲಿ ತಪ್ಪು! 2022ರ ವಿಮ್ 9 ಜೊತೆ ಬಂದ ಹೊಸ ಭಾಷೆಯಲ್ಲಿ ಇದು ಸೆಟ್ಟಿಂಗ್‌ಗೆ ಅಂಟಿಕೊಂಡಿಲ್ಲ.

ಊಹೆ ದುಬಾರಿಯಾಗುವುದು ಹೇಗೆ ಎಂಬುದಕ್ಕೆ ಜೀನ್‌ಗಳ ಕಥೆಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಮನುಷ್ಯರ ಕೆಲವು ಜೀನ್‌ಗಳಿಗೆ 'ಮಾರ್ಚ್1', 'ಸೆಪ್ಟ್1' ಎಂದು ಓದಿಕೊಳ್ಳುವ ಚುಟುಕು ಹೆಸರುಗಳಿದ್ದವು. ಎಕ್ಸೆಲ್ ಅವನ್ನು ತಾರೀಖು ಎಂದು ಊಹಿಸಿ ಬದಲಿಸುತ್ತಿತ್ತು. ವಿಜ್ಞಾನಿಗಳ ಹಾಳೆಗಳಲ್ಲಿ ವರ್ಷಗಟ್ಟಲೆ ಈ ತಪ್ಪು ನುಸುಳಿತು. ಕೊನೆಗೆ ಹೆಸರಿಡುವ ಸಮಿತಿ 2020ರಲ್ಲಿ ಜೀನ್‌ಗಳ ಹೆಸರುಗಳನ್ನೇ ಬದಲಿಸಿತು. ಆ ಊಹೆಯನ್ನು ಆಫ್ ಮಾಡುವ ಸೆಟ್ಟಿಂಗ್ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ಸಾಫ್ಟ್‌ವೇರ್‌ನ ಊಹೆಗೆ ವಿಜ್ಞಾನದ ಹೆಸರುಗಳೇ ದಾರಿ ಬಿಟ್ಟುಕೊಟ್ಟವು.

ನಾನು ಎಳೆಯುವ ಗೆರೆ ಹೀಗಿದೆ. ಮನುಷ್ಯರು ತೆರೆಯ ಮುಂದೆ ಕೂತು ಟೈಪ್ ಮಾಡುವಾಗ ಊಹಿಸಬಹುದು. ಊಹೆ ತಪ್ಪಾದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ, ಅಲ್ಲೇ ತಿದ್ದುತ್ತಾರೆ. ಸ್ಕ್ರಿಪ್ಟ್ ಓಡುವಾಗ ನೋಡುವವರಿಲ್ಲ. ಅಲ್ಲಿ ಊಹೆ ಬೇಡ. ಇದೇ ಕಾರಣಕ್ಕೆ ಒಂದೊಂದೇ ಸಾಲು ಬರೆದು ನೋಡುವ ಕನ್ಸೋಲ್ ಸ್ವಲ್ಪ ಸಡಿಲವಾಗಿರಲಿ, ಉಳಿಸಿದ ಸ್ಕ್ರಿಪ್ಟ್ ಬಿಗಿಯಾಗಿರಲಿ ಎಂಬುದಕ್ಕೂ ನನ್ನ ಒಪ್ಪಿಗೆ ಇದೆ. ಒಂದೇ ಭಾಷೆಗೆ ಎರಡು ನಡತೆ ಎಂದು ಮೂಗು ಮುರಿಯುವವರು ಇರುತ್ತಾರೆ. ಇರಲಿ ಬಿಡಿ.

ಅಳತೆಯ ಮಾನಗಳು ಈ ಪ್ರಶ್ನೆಯ ಗಟ್ಟಿ ರೂಪ. 'ಅಗಲ = 10' ಎಂದರೆ ಹತ್ತು ಏನು? ಮೂರು ಉತ್ತರ ಸಾಧ್ಯ. ತೆರೆದಿರುವ ಕಡತದ ಮಾನ ಎಂದುಕೊಳ್ಳುವುದು ಅತಿ ಸುಲಭ, ಅತಿ ಅಪಾಯ. ಮಿಲಿಮೀಟರ್ ಕಡತಕ್ಕೆ ಬರೆದ ಸ್ಕ್ರಿಪ್ಟ್ ಇಂಚಿನ ಕಡತದಲ್ಲೂ ಸದ್ದಿಲ್ಲದೆ ಓಡುತ್ತದೆ. ಯಾವಾಗಲೂ ಒಂದೇ ಮಾನ, ಅಂದರೆ ಹತ್ತು ಎಂದರೆ ಎಲ್ಲೆಲ್ಲೂ ಹತ್ತು ಮಿಲಿಮೀಟರ್, ಎಂಬುದು ಎರಡನೆಯದು. ಪಕ್ಕಾ ಆಗಿದೆ, ಆದರೆ ಇಂಚಿನಲ್ಲಿ ಯೋಚಿಸುವವರು ಎಲ್ಲ ಕಡೆ ಗುಣಿಸುತ್ತಾ ಕೂರಬೇಕು. ಮೂರನೆಯದು "10 ಮಿ.ಮೀ." ಎಂದು ಮಾನದ ಸಮೇತ ಬರೆಸುವುದು. ನಾವು ಮೂರನೆಯದಕ್ಕೆ ಹೋದೆವು. ಬರಿ ಸಂಖ್ಯೆ ಕೊಟ್ಟರೆ ಸ್ಕ್ರಿಪ್ಟ್ ನಿಲ್ಲುತ್ತದೆ, "10 ಯಾವ ಮಾನದಲ್ಲಿ? '10 ಮಿ.ಮೀ.' ಎಂದು ಬರೆಯಿರಿ" ಎನ್ನುತ್ತದೆ. ಮೊದಲ ದಿನ ಗೊಣಗಾಟ ಬಂತು, ಎರಡನೇ ದಿನ ಇಲ್ಲ. ನಾಲ್ಕಕ್ಷರ ಜಾಸ್ತಿ ಟೈಪ್ ಮಾಡಿಸುವುದು ಜಟಿಲತೆ ಅಲ್ವಲ್ಲ.

ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಯಾವುದಾದರೂ ಸರಿ, ಎರಡನ್ನೂ ಬೆರೆಸಬೇಡಿ. ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಹಾಳೆಯ ಸಾಲು ಕಾಲಂ ಒಂದರಿಂದ ಶುರು, ಅದೇ ಹಾಳೆಯಿಂದ ಎತ್ತಿದ ಮೌಲ್ಯಗಳ ಪಟ್ಟಿ ಸೊನ್ನೆಯಿಂದ ಶುರು. ಅಲ್ಲಿ ಒಂದು ಕೂಡುವುದನ್ನು ಮರೆಯದವರು ಯಾರಿದ್ದಾರೆ?

ತಪ್ಪಾದಾಗ ನಿಲ್ಲುವುದೋ, ಮುಂದೆ ಹೋಗುವುದೋ?

ಈಗ ನಮ್ಮ 400 ಚಿತ್ರಗಳಿಗೆ ವಾಪಸ್ ಬರೋಣ.

ಯುನಿಕ್ಸ್‌ನಲ್ಲಿ ಕಮಾಂಡ್‌ಗಳನ್ನು ಓಡಿಸುವ ಶೆಲ್‌ನ ಡಿಫಾಲ್ಟ್ ನಡತೆ ಮುಂದೆ ಹೋಗುವುದು. ಒಂದು ಸಾಲು ಸೋತರೂ ಮುಂದಿನದು ಓಡುತ್ತದೆ. ಇಲ್ಲದ ವೇರಿಯಬಲ್ ಖಾಲಿ ಪಠ್ಯವಾಗುತ್ತದೆ. ಕೂತು ಟೈಪ್ ಮಾಡುವವರಿಗೆ ಇದು ಹಿತವೇ. ಸ್ಕ್ರಿಪ್ಟ್‌ಗೆ ಇದು ವಿಷ. 2015ರಲ್ಲಿ ಸ್ಟೀಮ್ ಎಂಬ ಆಟಗಳ ಅಂಗಡಿಯ ಲಿನಕ್ಸ್ ಆವೃತ್ತಿಯ ಒಂದು ಶೆಲ್ ಸ್ಕ್ರಿಪ್ಟ್ ಸುದ್ದಿಯಾಯಿತು. ತನ್ನ ಫೋಲ್ಡರ್‌ನ ದಾರಿ ಇರಬೇಕಾದ ವೇರಿಯಬಲ್ ಖಾಲಿಯಾದಾಗ, 'ಆ ಫೋಲ್ಡರ್‌ನೊಳಗಿನ ಎಲ್ಲವನ್ನೂ ಅಳಿಸು' ಎಂಬ ಸಾಲು 'ಎಲ್ಲಕ್ಕೂ ಮೇಲಿನ ಫೋಲ್ಡರ್ ಆದ ರೂಟ್‌ನಿಂದ ಶುರುಮಾಡಿ ಎಲ್ಲವನ್ನೂ ಅಳಿಸು' ಎಂದಾಯಿತು. ಆ ಸಾಲಿನ ಮೇಲೆ, ಇದು ಭಯ ಹುಟ್ಟಿಸುತ್ತದೆ ಎಂಬ ಕಾಮೆಂಟ್ ಬೇರೆ ಇತ್ತು. ಬರೆದವರಿಗೂ ಅನುಮಾನ ಇತ್ತು, ಭಾಷೆ ಮಾತ್ರ ಕೈ ಹಿಡಿಯಲಿಲ್ಲ.

'ನಿಲ್ಲುವುದು' ಡಿಫಾಲ್ಟ್ ಆಗಲಿ. ಆದರೆ ನಿಲ್ಲಿಸಿ ಕೈ ತೊಳೆದುಕೊಂಡರೆ ಆಗಲಿಲ್ಲ. 150ನೇ ಚಿತ್ರದಲ್ಲಿ ನಿಂತರೆ ಬಳಕೆದಾರರಿಗೆ ಮೂರು ವಿಷಯ ಬೇಕು: ಎಲ್ಲಿ ನಿಂತಿತು, ಯಾಕೆ ನಿಂತಿತು, ಈಗ ಏನು ಸ್ಥಿತಿಯಲ್ಲಿದೆ. ಮೂರನೆಯದನ್ನು ಮರೆಯುವವರೇ ಜಾಸ್ತಿ. ಒಂದು ಕಡತದೊಳಗಿನ ಕೆಲಸವಾದರೆ ಪೂರ್ತಿ ಸ್ಕ್ರಿಪ್ಟ್ ಒಂದೇ ಅನ್‌ಡುಗೆ (ಹಿಂದಕ್ಕೆ ಹೋಗುವ ಒಂದೇ ಹೆಜ್ಜೆಗೆ) ಸಿಗುವಂತೆ ಮಾಡಿ. ಮಧ್ಯದಲ್ಲಿ ಬಿದ್ದರೆ ಎಲ್ಲವೂ ಮೊದಲಿನಂತಾಗಲಿ. ಹಿಂದಕ್ಕೆ ಹೋಗುವ ದಾರಿ ಖಾತ್ರಿ ಇದ್ದರೆ ಸ್ಕ್ರಿಪ್ಟ್ ನಿಲ್ಲುವುದಕ್ಕೆ ಜನ ಹೆದರುವುದಿಲ್ಲ. ನಾವು ಎರರ್ ಬೇಡ ಅಂದದ್ದಕ್ಕೆ ನಿಜವಾದ ಕಾರಣವೂ ಅದೇ ಇತ್ತು ಎಂದು ಈಗ ಅನ್ನಿಸುತ್ತದೆ. ಅರ್ಧಕ್ಕೆ ನಿಂತರೆ ಚಿತ್ರ ಎಡವಟ್ಟಾಗಿ ಉಳಿಯುತ್ತಿತ್ತು. ಅನ್‌ಡು ಸರಿಪಡಿಸುವ ಬದಲು ನಾವು ಎರರನ್ನೇ ಬಚ್ಚಿಟ್ಟಿದ್ದೆವು.

ಡಿಸ್ಕ್‌ನ ಮೇಲಿನ ಕೆಲಸಕ್ಕೆ ಅನ್‌ಡು ಇಲ್ಲ. ಅಲ್ಲಿ ಅಳಿಸುವ ಫಂಕ್ಷನ್ ನಿಜವಾಗಿ ಅಳಿಸದೆ ಕಸದ ಬುಟ್ಟಿಗೆ ಹಾಕಲಿ. ಒಂದು ಸೋತರೂ ಉಳಿದವು ಆಗಲಿ ಎಂದು ಬಯಸುವವರಿಗೆ ಅದನ್ನೂ ಕೊಡಿ, ಆದರೆ ಬಾಯಿಬಿಟ್ಟು ಕೇಳಿದರೆ ಮಾತ್ರ:

ಪ್ರತಿಯೊಂದಕ್ಕೂ(ಚಿತ್ರಗಳು, ಉಳಿಸು, ಸೋತರೆ = "ಪಟ್ಟಿಗೆ ಸೇರಿಸು")

ಕೊನೆಯಲ್ಲಿ ಸೋತವುಗಳ ಪಟ್ಟಿ ತಾನಾಗಿ ತೆರೆಯ ಮೇಲೆ ಬರಲಿ.

ಅಸಿಂಕ್ರೊನಸ್ (ಒಂದು ಕೆಲಸ ಮುಗಿಯುವ ಮೊದಲೇ ಮುಂದಿನದು ಶುರುವಾಗುವ) ವಿಷಯದಲ್ಲಿ ಹೇಳುವುದು ಸ್ವಲ್ಪವೇ. 'ಅವೇಟ್', ಅಂದರೆ ಮುಗಿಯುವವರೆಗೆ ಕಾಯಬೇಕು ಎಂಬ ಸೂಚನೆ, ಬರೆಯುವ ಹೊಣೆ ಬಳಕೆದಾರರಿಗೆ ಹಾಕಬೇಡಿ, ಒಂದು ಮರೆತರೂ ಸಾಲುಗಳ ಕ್ರಮ ತಪ್ಪುತ್ತದೆ. ಪ್ರತಿ ಸಾಲೂ ಮುಗಿದ ಮೇಲೇ ಮುಂದಿನದು ಓಡಲಿ. ತೆರೆ ಹೆಪ್ಪುಗಟ್ಟದಂತೆ ಸ್ಕ್ರಿಪ್ಟನ್ನು ಬೇರೆ ಥ್ರೆಡ್‌ನಲ್ಲಿ (ಜೊತೆಜೊತೆಗೆ ಓಡುವ ಬೇರೆ ಎಳೆಯಲ್ಲಿ) ಓಡಿಸಿ, 'ನಿಲ್ಲಿಸು' ಬಟನ್ ಕೊಡುವುದು ನಿಮ್ಮ ಕೆಲಸ.

ಬಿಗಿ ಈಗಲೋ, ಆಮೇಲೋ?

ಮೊದಲು ಸಡಿಲವಾಗಿ ಬಿಡೋಣ, ಜನ ಬರಲಿ, ಆಮೇಲೆ ಬಿಗಿ ಮಾಡೋಣ ಎಂಬ ಮಾತು ಪ್ರತಿ ತಂಡದಲ್ಲೂ ಬರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಪ್ರೋಗ್ರಾಂ ಕಟ್ಟಲು ಬಳಸುವ ಮೇಕ್ ಎಂಬ ಸಾಧನದಲ್ಲಿ ಕಮಾಂಡ್ ಇರುವ ಸಾಲಿನ ಮೊದಲಿಗೆ ಸ್ಪೇಸ್ ಹಾಕಿದರೆ ಆಗುವುದಿಲ್ಲ, ಟ್ಯಾಬ್ ಕೀಯೇ ಬೇಕು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. 1976ರಲ್ಲಿ ಅದನ್ನು ಬರೆದ ಸ್ಟುವರ್ಟ್ ಫೆಲ್ಡ್‌ಮನ್‌ಗೆ ಇದು ತಪ್ಪು ಎಂದು ಬೇಗನೆ ಗೊತ್ತಾಯಿತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸುತ್ತಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡ ಎಂದು ಬಿಟ್ಟರು. ಅಂದಿನಿಂದ ಎಲ್ಲರೂ ಆ ಟ್ಯಾಬ್‌ಗೆ ಎಡವುತ್ತಲೇ ಇದ್ದಾರೆ.

ಆಮೇಲೆ ಬಿಗಿ ಮಾಡಿದವರ ಗುರುತುಗಳು ಎಲ್ಲೆಲ್ಲೂ ಇವೆ. ವಿಬಿಎಯಲ್ಲಿ ಘೋಷಿಸದ ಹೆಸರನ್ನು ಒಪ್ಪದ 'ಆಪ್ಷನ್ ಎಕ್ಸ್‌ಪ್ಲಿಸಿಟ್', ಪರ್ಲ್ ಭಾಷೆಯಲ್ಲಿ ಮತ್ತು 2009ರಿಂದ ಜಾವಾಸ್ಕ್ರಿಪ್ಟ್‌ನಲ್ಲಿ 'ಯೂಸ್ ಸ್ಟ್ರಿಕ್ಟ್', ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ 2021ರಿಂದ ಟೇಬಲ್‌ಗೆ 'ಸ್ಟ್ರಿಕ್ಟ್' ಎಂಬ ಪದ. ಎಲ್ಲವೂ ಬೇಕಿದ್ದವರು ಮಾತ್ರ ಸೇರಿಸಿಕೊಳ್ಳುವಂಥವು. ಅದು ಯಾರಿಗೆ ಅತಿ ಅಗತ್ಯವೋ ಅವರಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ಹೊಸ ದಾರಿಗೆ ಎಳೆಯಲು ಹೋದ ಪೈಥಾನ್ 3 ಹೊರಬಂದದ್ದು 2008ರ ಕೊನೆಗೆ. ಪೈಥಾನ್ 2ಕ್ಕೆ ವಿದಾಯ ಹೇಳಲು ಸಾಧ್ಯವಾದದ್ದು 2020ರ ಶುರುವಿಗೆ.

ಸಡಿಲಿಸುವುದು ಯಾವತ್ತಿದ್ದರೂ ಸುಲಭ. ಎರರ್ ಬರುತ್ತಿದ್ದ ಕಡೆ ಇನ್ನು ಮೇಲೆ ಬರದಂತೆ ಮಾಡಿದರೆ ಯಾರ ಹಳೆಯ ಸ್ಕ್ರಿಪ್ಟೂ ಕೆಡುವುದಿಲ್ಲ. ಉಲ್ಟಾ ಮಾಡಿದರೆ ಕೆಡುತ್ತದೆ. ಹಾಗಾಗಿ ಮೊದಲ ದಿನವೇ ಬಿಗಿಯಾಗಿ ಶುರುಮಾಡಿ. ಈಗಾಗಲೇ ಸಡಿಲ ಬಿಟ್ಟಾಗಿದ್ದರೆ ಹೊಸದಾಗಿ ಹುಟ್ಟುವ ಫೈಲ್‌ಗಳಿಗೆ ಮಾತ್ರ ಬಿಗಿ ಹಾಕಿ. ವಿಬಿಎ ಎಡಿಟರ್‌ನಲ್ಲಿ ಒಂದು ಸೆಟ್ಟಿಂಗ್ ಆನ್ ಮಾಡಿದರೆ ಪ್ರತಿ ಹೊಸ ಮಾಡ್ಯೂಲ್‌ಗೂ 'ಆಪ್ಷನ್ ಎಕ್ಸ್‌ಪ್ಲಿಸಿಟ್' ಸಾಲು ತಾನಾಗಿ ಬರುತ್ತದೆ. ಅದು ಮೊದಲಿನಿಂದಲೇ ಆನ್ ಇರಬೇಕಿತ್ತು. ಜಾವಾಸ್ಕ್ರಿಪ್ಟ್ ಇಲ್ಲಿ ಜಾಣ ಹೆಜ್ಜೆ ಇಟ್ಟಿತು. ಹೊಸದಾಗಿ ಬಂದ ಮಾಡ್ಯೂಲ್ ಮತ್ತು ಕ್ಲಾಸ್‌ಗಳ ಒಳಗೆ ಯಾರೂ ಕೇಳದೆಯೇ ಬಿಗಿ ನಿಯಮ ಇರುತ್ತದೆ.

ಸರಿಯನ್ನು ಬಿಟ್ಟುಕೊಡಬಹುದಾದ ಜಾಗಗಳು

ಇವೆ. ತೆರೆಯ ಮೇಲೆ ತೋರಿಸುವ ಸಂಖ್ಯೆಯನ್ನು ಒಂದಿಷ್ಟು ಅಂಕಿಗೆ ಮೊಟಕು ಮಾಡಿ ತೋರಿಸಿ, 0.1ಕ್ಕೆ 0.2 ಕೂಡಿದರೆ 0.30000000000000004 ಬಂತೆಂದು ಎಲ್ಲರಿಗೂ ಪಾಠ ಮಾಡುವುದು ಬೇಡ. ಬಣ್ಣದ ಹೆಸರನ್ನು ಹೇಗೆ ಬರೆದರೂ ಒಪ್ಪಿಕೊಳ್ಳಿ. ಒಂದು ಹೆಸರು ಬೇಕಾದ ಕಡೆ ಒಂದೇ ಹೆಸರಿರುವ ಪಟ್ಟಿ ಕೊಟ್ಟರೂ ನಡೆಯಲಿ. ಇಲ್ಲೆಲ್ಲ ತಪ್ಪಾದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಬೆಲೆಯೂ ಕಡಿಮೆ.

ಉಳಿದದ್ದರಲ್ಲಿ ಅನುಮಾನ ಬಂದಾಗ ನಾವು ಒಂದು ಪರೀಕ್ಷೆ ಮಾಡುತ್ತಿದ್ದೆವು. ಫಂಕ್ಷನ್ ಕಟ್ಟುವ ಮೊದಲೇ ಅದನ್ನು ಬಳಸುವ ಸ್ಕ್ರಿಪ್ಟನ್ನು ಕಾಗದದ ಮೇಲೆ ಬರೆಯುವುದು. ಹತ್ತು ಸಾಲು ದಾಟಿದರೆ ಇಂಟರ್‌ಫೇಸ್ ಸರಿಯಿಲ್ಲ. ಆಮೇಲೆ ಅದೇ ಸ್ಕ್ರಿಪ್ಟಿನ ಒಂದೊಂದು ಸಾಲನ್ನೂ ಬೇಕೆಂದೇ ಕೆಡಿಸುವುದು: ಹೆಸರಿನಲ್ಲಿ ಒಂದಕ್ಷರ ತಪ್ಪು, ಖಾಲಿ ಪಟ್ಟಿ, ಇಲ್ಲದ ಫೋಲ್ಡರ್, ತುಂಬಿದ ಡಿಸ್ಕ್. ಪ್ರತಿ ಸಲವೂ ಏನಾಗುತ್ತದೆ ಎಂದು ಪಕ್ಕದಲ್ಲಿ ಬರೆಯುವುದು. 'ಏನೂ ಆಗುವುದಿಲ್ಲ, ಮುಂದೆ ಹೋಗುತ್ತದೆ' ಎಂದು ಬರೆದ ಸಾಲುಗಳ ಮೇಲೆ ಕೆಂಪು ಗುರುತು.

ಉಳಿಸುವ ಫಂಕ್ಷನ್ ಮುಂದಿನ ಆವೃತ್ತಿಯಿಂದ ಸೋತರೆ ನಿಲ್ಲಲು ಶುರುವಾಯಿತು. ಮೊದಲ ವಾರ ದೂರುಗಳು ಬಂದವು. ಒಂದರಲ್ಲಿ "ಎರಡು ವರ್ಷದಿಂದ ಸರಿಯಾಗಿ ಓಡುತ್ತಿದ್ದ ಸ್ಕ್ರಿಪ್ಟನ್ನು ಕೆಡಿಸಿದ್ದೀರಿ" ಎಂದಿತ್ತು. ಅವರ ಲಾಗ್ ತರಿಸಿಕೊಂಡು ನೋಡಿದೆವು. ಹೆಸರಿನಲ್ಲಿ ಓರೆಗೆರೆ ಇದ್ದ ಚಿತ್ರಗಳು ಆ ಎರಡು ವರ್ಷದಲ್ಲಿ ಒಮ್ಮೆಯೂ ಉಳಿದಿರಲಿಲ್ಲ.